ಸೋರಿದ ದಾಖಲೆ ಆನ್‌ಲೈನ್‌ಗೆ ಹಾಕುವ ಮುನ್ನ: ಅಪಾಯ ಎಲ್ಲಿದೆ, ದಾರಿ ಯಾವುದು?

ಟೆಂಡರ್ ಕಡತದ ನಾಲ್ಕು ಪುಟ, ತನಿಖಾ ವರದಿಯ ಪಿಡಿಎಫ್, ಮೇಲಧಿಕಾರಿಯ ಷರಾ ಇರುವ ಟಿಪ್ಪಣಿ ಹಾಳೆಯ ಫೋಟೊ. ಇಂಥದ್ದೊಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅದನ್ನು ಫೇಸ್‌ಬುಕ್‌ಗೋ ವೆಬ್‌ಸೈಟ್‌ಗೋ ಏರಿಸೋದು ಎರಡು ನಿಮಿಷದ ಕೆಲಸ. ಹಾಗೆ ಏರಿಸಿದ್ದನ್ನು ಪೂರ್ತಿಯಾಗಿ ವಾಪಸ್ ತೆಗೆಯೋದು ಮಾತ್ರ ಯಾರಿಂದಲೂ ಆಗದ ಕೆಲಸ.

ಸೋರಿಕೆ ದಾಖಲೆ ಅಂದ ತಕ್ಷಣ ಎಲ್ಲರೂ ಕೇಳೋದು ‘ಸೈಟ್ ಬ್ಲಾಕ್ ಮಾಡ್ತಾರಾ?’ ಅಂತ. ಆದರೆ ಕಳೆದ ಎರಡು ದಶಕಗಳ ಪ್ರಕರಣಗಳನ್ನು ನೋಡಿದರೆ ಸೈಟ್ ಹೇಗೋ ಉಳಿದುಕೊಂಡಿದೆ. ಪೆಟ್ಟು ಬಿದ್ದಿರೋದು ದಾಖಲೆ ಕೊಟ್ಟವರಿಗೆ ಮತ್ತು ದಾಖಲೆಯೊಳಗೆ ಹೆಸರಿದ್ದ ಸಂಬಂಧವಿಲ್ಲದ ಜನರಿಗೆ. ಅಪ್‌ಲೋಡ್ ಬಟನ್ ಒತ್ತುವ ಮೊದಲು ಮಾಡಬೇಕಾದ ಕೆಲಸವೇ ಇಲ್ಲಿ ಮುಖ್ಯ. ಆ ಬಗ್ಗೆ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಯಾವ ಸೋರಿಕೆ?

ಕರ್ನಾಟಕದಲ್ಲಿ ‘ಸೋರಿಕೆ’ ಅಂದರೆ ಮೊದಲು ನೆನಪಾಗೋದು ಪ್ರಶ್ನೆಪತ್ರಿಕೆ. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರ ಪತ್ರಿಕೆ ಎರಡೆರಡು ಬಾರಿ ಸೋರಿ, ಪರೀಕ್ಷೆ ಮುಂದೂಡಿದ್ದು ಇನ್ನೂ ಜನರ ನೆನಪಲ್ಲಿದೆ. ಅದು ದುಡ್ಡಿಗಾಗಿ ನಡೆದ ವಂಚನೆ. ಈ ಲೇಖನದ ವಿಷಯ ಅದಲ್ಲ. ಸಾರ್ವಜನಿಕರ ಹಣ, ಹಕ್ಕು, ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮುಚ್ಚಿಟ್ಟಾಗ, ಒಳಗಿನವರೊಬ್ಬರು ಅದನ್ನು ಹೊರಗೆ ಕೊಡುತ್ತಾರಲ್ಲ, ಅದು ಇಲ್ಲಿನ ವಿಷಯ.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಅಂಶಗಳು ಸಲ್ಲಿಕೆಗೂ ಮೊದಲೇ ಮಾಧ್ಯಮಗಳಿಗೆ ಸೋರಿದ್ದು ಈ ಬಗೆಯದ್ದು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಜುಲೈ 27ರಂದು ವರದಿ ಸಲ್ಲಿಸಿದರು. ಜುಲೈ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸೋರಿಕೆಯಿಂದ ಸದ್ದಾಯ್ತು ನಿಜ. ಆದರೆ ಮುಂದಿನ ಕ್ರಮಗಳಿಗೆ ಆಧಾರವಾಗಿ ನಿಂತದ್ದು ಸಹಿ, ಮೊಹರು ಇದ್ದ ಅಧಿಕೃತ ವರದಿ.

ಸೈಟ್ ಮುಚ್ಚಿಸಲು ಹೋದಾಗ ಏನಾಯ್ತು?

ಇಂಟರ್ನೆಟ್‌ನಲ್ಲಿ ಸೋರಿಕೆ ದಾಖಲೆ ಇಡುವ ಬಗ್ಗೆ ಅತಿ ಹೆಚ್ಚು ಪಾಠ ಸಿಗೋದು ವಿಕಿಲೀಕ್ಸ್‌ನಿಂದ. ಆಸ್ಟ್ರೇಲಿಯಾದ ಜೂಲಿಯನ್ ಅಸಾಂಜ್ 2006ರಲ್ಲಿ ಶುರು ಮಾಡಿದ ಸೈಟ್ ಇದು.

2008ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಜೂಲಿಯಸ್ ಬೇರ್ ಬ್ಯಾಂಕ್, ತನ್ನ ಕೇಮನ್ ದ್ವೀಪ ಶಾಖೆಯ ದಾಖಲೆಗಳನ್ನು ಹಾಕಿದ್ದಾರೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಕೋರ್ಟ್‌ಗೆ ಹೋಯಿತು. ವಿಕಿಲೀಕ್ಸ್‌ನ ಮುಖ್ಯ ಡೊಮೇನ್ ಹೆಸರನ್ನೇ ನಿಷ್ಕ್ರಿಯಗೊಳಿಸಲು ಕೋರ್ಟ್ ಆದೇಶಿಸಿತು. ಆದರೆ ಡೊಮೇನ್ ಅನ್ನೋದು ಅಂಗಡಿಯ ಬೋರ್ಡ್ ಇದ್ದ ಹಾಗೆ. ಬೋರ್ಡ್ ಕಿತ್ತರೂ ಅಂಗಡಿ ಅಲ್ಲೇ ಇತ್ತು. ಬೆಲ್ಜಿಯಂ, ಜರ್ಮನಿಯಲ್ಲಿ ನೋಂದಣಿಯಾದ ಬೇರೆ ಹೆಸರುಗಳಲ್ಲಿ, ಬರೀ ಐಪಿ ವಿಳಾಸದಲ್ಲಿ ಸೈಟ್ ತೆರೆಯುತ್ತಲೇ ಇತ್ತು. ಸುದ್ದಿ ಹರಡಿ, ದಾಖಲೆ ಓದಿದವರ ಸಂಖ್ಯೆ ಇನ್ನೂ ಹೆಚ್ಚಿತು. ಎರಡು ವಾರದೊಳಗೆ ಕೋರ್ಟ್ ತನ್ನ ಆದೇಶ ಹಿಂಪಡೆಯಿತು. ಬ್ಯಾಂಕ್ ಪ್ರಕರಣ ಕೈಬಿಟ್ಟಿತು.

2010ರ ನವೆಂಬರ್ 28ರಂದು ಅಮೆರಿಕದ ರಾಯಭಾರ ಕಚೇರಿಗಳ 2,51,287 ರಹಸ್ಯ ಸಂದೇಶಗಳ (ಕೇಬಲ್‌ಗಳು) ಪ್ರಕಟಣೆ ಆರಂಭವಾದಾಗ ಹೊಡೆತ ಬಿದ್ದದ್ದು ಒಂದು ಕಡೆಯಿಂದಲ್ಲ. ಸೈಟ್‌ಗೆ ಜಾಗ ಕೊಟ್ಟಿದ್ದ ಅಮೆಜಾನ್ ಡಿಸೆಂಬರ್ 1ರಂದು ಹೊರಹಾಕಿತು. ಮರುದಿನ ಡೊಮೇನ್ ಸೇವೆ ಕೊಡುತ್ತಿದ್ದ ಎವ್ರಿಡಿಎನ್‌ಎಸ್ ಕೈಬಿಟ್ಟಿತು. ಆ ಬಳಿಕ ಪೇಪಾಲ್, ಮಾಸ್ಟರ್‌ಕಾರ್ಡ್, ವೀಸಾ ದೇಣಿಗೆ ಬರುವ ದಾರಿ ಮುಚ್ಚಿದವು. ಇದ್ಯಾವುದಕ್ಕೂ ಕೋರ್ಟ್ ಆದೇಶ ಇರಲಿಲ್ಲ ಅನ್ನೋದು ಗಮನಿಸಬೇಕಾದ್ದು. ಖಾಸಗಿ ಕಂಪನಿಗಳು ತಮ್ಮ ಷರತ್ತು ತೋರಿಸಿ ಬಾಗಿಲು ಹಾಕಿದವು.

ಅಂದರೆ ಆನ್‌ಲೈನ್‌ನಲ್ಲಿ ಒಂದು ದಾಖಲೆ ನಿಲ್ಲಲು ಮೂರು ಕಂಬ ಬೇಕು: ಹೆಸರು (ಡೊಮೇನ್), ಜಾಗ (ಸರ್ವರ್), ದುಡ್ಡು. ಯಾವುದು ಒಬ್ಬರ ಕೈಯಲ್ಲಿದೆಯೋ ಅದನ್ನು ಕೀಳೋದು ಸುಲಭ. ವಿಕಿಲೀಕ್ಸ್ ಸ್ವಿಟ್ಜರ್ಲೆಂಡ್‌ನ ಡೊಮೇನ್‌ಗೆ ಹೋಯಿತು. ಬೆಂಬಲಿಗರು ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ‘ಮಿರರ್’ ಸೈಟ್, ಅಂದರೆ ತದ್ರೂಪಿ ಪ್ರತಿಗಳನ್ನು ಬೇರೆ ಬೇರೆ ದೇಶಗಳಲ್ಲಿ ಇಟ್ಟರು. ಹಣದ ಕೊರತೆ ಮಾತ್ರ ಸಂಸ್ಥೆಯನ್ನು ಬಹಳ ಕಾಲ ಕಾಡಿತು.

ಪ್ರತಿಗಳೇ ಮುಳುವಾದ ಕಥೆ

ಹೀಗೆ ಎಲ್ಲೆಡೆ ಪ್ರತಿ ಹರಡಿಡುವ ವಿಧಾನಕ್ಕೆ ಇನ್ನೊಂದು ಮುಖವೂ ಇದೆ. ಕೇಬಲ್‌ಗಳನ್ನು ಮೊದಲಿಗೆ ಗಾರ್ಡಿಯನ್, ನ್ಯೂಯಾರ್ಕ್ ಟೈಮ್ಸ್, ಡೆರ್ ಸ್ಪೀಗೆಲ್ ಮುಂತಾದ ಪತ್ರಿಕೆಗಳು ಪರಿಶೀಲಿಸಿ, ಅಪಾಯಕ್ಕೆ ಸಿಲುಕಬಹುದಾದವರ ಹೆಸರು ಅಳಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿದ್ದವು. ಭಾರತಕ್ಕೆ ಸಂಬಂಧಿಸಿದ ಸಾವಿರಾರು ಕೇಬಲ್‌ಗಳನ್ನು ‘ದಿ ಹಿಂದೂ’ 2011ರ ಮಾರ್ಚ್‌ನಿಂದ ಪ್ರಕಟಿಸಿತು. 2008ರ ವಿಶ್ವಾಸಮತದ ವೇಳೆ ಸಂಸದರಿಗೆ ಹಣ ಸಿದ್ಧವಾಗಿತ್ತೆಂಬ ಕೇಬಲ್ ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿತು.

ಅದೇ ಹೊತ್ತಿಗೆ ಎಲ್ಲ ಕೇಬಲ್‌ಗಳೂ ಇದ್ದ, ಪಾಸ್‌ವರ್ಡ್ ಹಾಕಿ ಬೀಗ ಜಡಿದ ಫೈಲ್ ಒಂದು ಇಂಟರ್ನೆಟ್‌ನಲ್ಲಿ ಹರಿದಾಡುತ್ತಿತ್ತು. 2011ರ ಫೆಬ್ರವರಿಯಲ್ಲಿ ಗಾರ್ಡಿಯನ್ ಪತ್ರಕರ್ತರಿಬ್ಬರು ಬರೆದ ಪುಸ್ತಕದಲ್ಲಿ ಆ ಪಾಸ್‌ವರ್ಡ್ ಅಚ್ಚಾಗಿಬಿಟ್ಟಿತು. ಅದು ತಾತ್ಕಾಲಿಕ ಪಾಸ್‌ವರ್ಡ್ ಎಂದು ತಮಗೆ ಹೇಳಲಾಗಿತ್ತು ಅಂತ ಗಾರ್ಡಿಯನ್ ಹೇಳಿತು. ತಪ್ಪು ಪತ್ರಿಕೆಯದ್ದೇ ಅಂತ ವಿಕಿಲೀಕ್ಸ್ ಹೇಳಿತು. ಆಗಸ್ಟ್ ಕೊನೆಗೆ ಬೀಗ ಮತ್ತು ಕೀಲಿಕೈ ಎರಡೂ ಜನರ ಕೈಗೆ ಸಿಕ್ಕಿದ್ದವು. ಸೆಪ್ಟೆಂಬರ್ 2ರಂದು ವಿಕಿಲೀಕ್ಸ್ ತಾನೇ ಎಲ್ಲವನ್ನೂ, ಹೆಸರು ಅಳಿಸದೆ, ಹಾಕಿತು. ಜೊತೆಗಿದ್ದ ಪತ್ರಿಕೆಗಳು ಇದನ್ನು ಬಹಿರಂಗವಾಗಿ ಖಂಡಿಸಿದವು. ಕೇಬಲ್ ಒಂದರಲ್ಲಿ ಹೆಸರಿದ್ದ ಇಥಿಯೋಪಿಯಾದ ಪತ್ರಕರ್ತರೊಬ್ಬರು ಪೊಲೀಸರ ವಿಚಾರಣೆಗೆ ಹೆದರಿ ಅದೇ ತಿಂಗಳು ದೇಶ ಬಿಟ್ಟರು.

ಇದಕ್ಕೂ ಮೊದಲು, 2010ರ ಜುಲೈನಲ್ಲಿ, ಅಫ್ಘಾನಿಸ್ತಾನ ಯುದ್ಧದ ಸುಮಾರು 75 ಸಾವಿರ ವರದಿಗಳನ್ನು ಹಾಕಿದಾಗಲೂ ಇದೇ ಆರೋಪ ಬಂದಿತ್ತು. ಸುಮಾರು 15 ಸಾವಿರ ವರದಿ ತಡೆಹಿಡಿದಿದ್ದರೂ, ಹಾಕಿದ್ದರಲ್ಲೇ ಸೇನೆಗೆ ಮಾಹಿತಿ ಕೊಟ್ಟ ಹಳ್ಳಿಗರ ಹೆಸರುಗಳಿದ್ದವು. ಹೀಗೆ ಹೆಸರು ಬಂದ ಕಾರಣಕ್ಕೇ ಕೊಲೆಯಾದ ನಿರ್ದಿಷ್ಟ ವ್ಯಕ್ತಿಯ ಉದಾಹರಣೆಯನ್ನು 2013ರ ವಿಚಾರಣೆಯಲ್ಲಿ ಅಮೆರಿಕ ಸರ್ಕಾರದ ಪರ ಸಾಕ್ಷಿ ಕೊಡಲಾಗಲಿಲ್ಲ ಅನ್ನೋದೂ ದಾಖಲಾಗಿದೆ. ಆದರೂ ಆ ಜನರನ್ನು ಅಪಾಯಕ್ಕೆ ಒಡ್ಡುವ ಅಗತ್ಯ ಇತ್ತೇ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ.

ದಾಖಲೆ ಕೊಟ್ಟವರು ಸಿಕ್ಕಿಬೀಳೋದು ಹೇಗೆ?

ಸರ್ವರ್ ಹ್ಯಾಕ್ ಆಗಿ ಮೂಲ ಬಯಲಾಯ್ತು ಅನ್ನುವಂಥದ್ದು ಕಡಿಮೆ. ಹೆಚ್ಚಿನವರು ಸಿಕ್ಕಿಬಿದ್ದದ್ದು ಸಣ್ಣ ಸಣ್ಣ ಗುರುತುಗಳಿಂದ.

ವಿಕಿಲೀಕ್ಸ್‌ಗೆ ಕೇಬಲ್ ಕೊಟ್ಟ ಸೈನಿಕೆ ಚೆಲ್ಸಿ ಮ್ಯಾನಿಂಗ್ 2010ರ ಮೇ ತಿಂಗಳಲ್ಲಿ ಬಂಧನವಾದದ್ದು, ಮುಖವೂ ನೋಡದ ವ್ಯಕ್ತಿಯ ಜೊತೆ ಚಾಟ್‌ನಲ್ಲಿ ವಿಷಯ ಹೇಳಿಕೊಂಡಿದ್ದರಿಂದ. ಆತ ಅಧಿಕಾರಿಗಳಿಗೆ ತಿಳಿಸಿದ. 35 ವರ್ಷಗಳ ಶಿಕ್ಷೆಯಾಯಿತು. 2017ರಲ್ಲಿ ಶಿಕ್ಷೆ ಕಡಿತಗೊಂಡು ಬಿಡುಗಡೆಯಾಯಿತು. ಅಸಾಂಜ್ ಲಂಡನ್‌ನ ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ ಸುಮಾರು ಏಳು ವರ್ಷ, ಬಳಿಕ ಜೈಲಿನಲ್ಲಿ ಐದು ವರ್ಷ ಕಳೆದು, 2024ರ ಜೂನ್‌ನಲ್ಲಿ ಒಂದು ಆರೋಪ ಒಪ್ಪಿಕೊಂಡು ಹೊರಬಂದರು.

2017ರ ರಿಯಾಲಿಟಿ ವಿನ್ನರ್ ಪ್ರಕರಣ ಇನ್ನೂ ಪಾಠದಂತಿದೆ. ಅಮೆರಿಕದ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರಳಾಗಿದ್ದ ಆಕೆ ವರದಿಯೊಂದನ್ನು ಪ್ರಿಂಟ್ ತೆಗೆದು ‘ದಿ ಇಂಟರ್‌ಸೆಪ್ಟ್’ ಎಂಬ ಸುದ್ದಿಸಂಸ್ಥೆಗೆ ಅಂಚೆಯಲ್ಲಿ ಕಳಿಸಿದರು. ಅಸಲಿಯೇ ಅಂತ ಖಚಿತಪಡಿಸಿಕೊಳ್ಳಲು ಸುದ್ದಿಸಂಸ್ಥೆ ಅದರ ಪ್ರತಿಯನ್ನೇ ಸರ್ಕಾರಕ್ಕೆ ತೋರಿಸಿತು. ಹಾಳೆಯ ಮಡಿಕೆ ಗುರುತು ನೋಡಿದ ಅಧಿಕಾರಿಗಳಿಗೆ ಇದು ಪ್ರಿಂಟ್ ತೆಗೆದು ಹೊರಗೆ ಒಯ್ದದ್ದು ಅಂತ ಗೊತ್ತಾಯ್ತು. ಕಚೇರಿಯ ಲಾಗ್ ನೋಡಿದರೆ ಅದನ್ನು ಪ್ರಿಂಟ್ ತೆಗೆದವರು ಆರೇ ಜನ. ಅವರಲ್ಲಿ ಕಚೇರಿ ಕಂಪ್ಯೂಟರ್‌ನಿಂದ ಆ ಸುದ್ದಿಸಂಸ್ಥೆಗೆ ಇಮೇಲ್ ಮಾಡಿದ್ದವರು ಒಬ್ಬರೇ. ಐದು ವರ್ಷ ಮೂರು ತಿಂಗಳ ಜೈಲು ಶಿಕ್ಷೆಯಾಯಿತು. ಪ್ರಕಟವಾದ ಪಿಡಿಎಫ್‌ನಲ್ಲಿ ಪ್ರಿಂಟರ್‌ನ ಸೀರಿಯಲ್ ನಂಬರ್, ಮುದ್ರಣದ ದಿನ, ಸಮಯ ಹೇಳುವ ಹಳದಿ ಚುಕ್ಕೆಗಳೂ ಇದ್ದವು ಅಂತ ತಜ್ಞರು ನಂತರ ತೋರಿಸಿದರು. ಬಹಳಷ್ಟು ಕಲರ್ ಲೇಸರ್ ಪ್ರಿಂಟರ್‌ಗಳು ಬರಿಗಣ್ಣಿಗೆ ಕಾಣದ ಇಂಥ ಚುಕ್ಕೆ ಹಾಕುತ್ತವೆ.

ಗಮನಿಸಬೇಕಾದ ಗುರುತುಗಳು ಇವು:

* ಮೆಟಾಡೇಟಾ: ಫೋಟೊದೊಳಗೆ ತೆಗೆದ ಸಮಯ, ಮೊಬೈಲ್ ಮಾಡೆಲ್, ಕೆಲವೊಮ್ಮೆ ಸ್ಥಳವೂ ಅಡಗಿರುತ್ತೆ. ವರ್ಡ್, ಪಿಡಿಎಫ್ ಫೈಲ್‌ಗಳಲ್ಲಿ ಟೈಪ್ ಮಾಡಿದವರ ಹೆಸರು, ಕಂಪ್ಯೂಟರ್ ಹೆಸರು ಉಳಿದಿರಬಹುದು.
* ಕಡತದ ಓಡಾಟ: ಇ-ಆಫೀಸ್‌ನಲ್ಲಿ ಕಡತ ಯಾರಿಂದ ಯಾರಿಗೆ ಹೋಯ್ತು ಅನ್ನೋದು ದಾಖಲಾಗುತ್ತೆ. ಟಿಪ್ಪಣಿ ಹಾಳೆಯ ಕೊನೆಯ ಷರಾ ಯಾವುದು ಅನ್ನೋದರಿಂದಲೇ, ಫೋಟೊ ತೆಗೆದಾಗ ಕಡತ ಯಾರ ಮೇಜಿನ ಮೇಲಿತ್ತು ಅಂತ ಲೆಕ್ಕ ಹಾಕಬಹುದು.
* ಹಾಳೆಯ ಚಹರೆ: ಪೆನ್ ಗುರುತು, ಪಂಚಿಂಗ್ ತೂತು, ಜೆರಾಕ್ಸ್ ಗೆರೆ, ಫೋಟೊದಲ್ಲಿ ಕಂಡ ಬೆರಳು ಅಥವಾ ಮೇಜಿನ ಅಂಚು. ಹತ್ತು ಜನರ ಕಚೇರಿಯಲ್ಲಿ ಇಷ್ಟು ಸಾಕು.
* ಸುಳ್ಳು ಮರೆ: ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಹೋಗಲ್ಲ. 2019ರ ಜನವರಿಯಲ್ಲಿ ಟ್ರಂಪ್ ಪ್ರಚಾರ ತಂಡದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟ್‌ಗೆ ಕೊಟ್ಟ ದಾಖಲೆಯಲ್ಲಿ ಹೀಗೇ ಆಯ್ತು. ಕಪ್ಪು ಪಟ್ಟಿಯಡಿಯ ಸಾಲುಗಳನ್ನು ಕಾಪಿ, ಪೇಸ್ಟ್ ಮಾಡಿ ಓದಿದರು.

ಎಲ್ಲವನ್ನೂ ಹಾಕದೆ ಸುದ್ದಿ ಮಾಡುವ ದಾರಿ

2016ರ ಏಪ್ರಿಲ್‌ 3ರಂದು ಬೆಳಕಿಗೆ ಬಂದ ಪನಾಮಾ ಪೇಪರ್ಸ್ ಬೇರೆಯೇ ಮಾದರಿ. ಮೊಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯ 1.15 ಕೋಟಿ ದಾಖಲೆಗಳು ಜರ್ಮನಿಯ ಪತ್ರಿಕೆಯೊಂದಕ್ಕೆ ಸಿಕ್ಕವು. ಪತ್ರಿಕೆ ಅವನ್ನು ತನಿಖಾ ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟದೊಂದಿಗೆ (ಐಸಿಐಜೆ) ಹಂಚಿಕೊಂಡಿತು. ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳು ಸುಮಾರು ಒಂದು ವರ್ಷ ಗುಟ್ಟಾಗಿ ಪರಿಶೀಲಿಸಿದವು. ಭಾರತದಿಂದ ‘ದಿ ಇಂಡಿಯನ್ ಎಕ್ಸ್‌ಪ್ರೆಸ್’ ಇತ್ತು.

ಅವರು ಮೂಲ ಕಡತಗಳನ್ನೆಲ್ಲ ಸೈಟ್‌ಗೆ ಸುರಿಯಲಿಲ್ಲ. ಸುದ್ದಿಗೆ ಬೇಕಾದ ದಾಖಲೆ ಮಾತ್ರ ತೋರಿಸಿದರು. ಮೇ ತಿಂಗಳಲ್ಲಿ ಕಂಪನಿಗಳ ಹೆಸರು ಹುಡುಕಬಹುದಾದ ಡೇಟಾಬೇಸ್ ಬಿಟ್ಟರು. ಅದರಲ್ಲಿ ಬ್ಯಾಂಕ್ ಖಾತೆ, ಪಾಸ್‌ಪೋರ್ಟ್, ಇಮೇಲ್ ಇರಲಿಲ್ಲ. ಐಸ್‌ಲ್ಯಾಂಡ್ ಪ್ರಧಾನಿ ಹುದ್ದೆ ಬಿಟ್ಟರು. ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ 2017ರಲ್ಲಿ ಅನರ್ಹರಾದರು. ದಾಖಲೆ ಕೊಟ್ಟವರ ಗುರುತು ಮಾತ್ರ ಇವತ್ತಿಗೂ ಬಯಲಾಗಿಲ್ಲ.

ಇದಕ್ಕೆ ಎದುರು ಉದಾಹರಣೆ 2020ರ ಜೂನ್‌ನ ‘ಬ್ಲೂಲೀಕ್ಸ್’. ಅಮೆರಿಕದ ಪೊಲೀಸ್ ಇಲಾಖೆಗಳ 269 ಜಿಬಿ ಕಡತಗಳನ್ನು ಡಿಡಿಒಸೀಕ್ರೆಟ್ಸ್ ಎಂಬ ಗುಂಪು ಹಾಕಿತು. ಟ್ವಿಟರ್ ಗುಂಪಿನ ಖಾತೆ ಬಂದ್ ಮಾಡಿತು. ಜರ್ಮನಿಯಲ್ಲಿದ್ದ ಸರ್ವರ್ ಅನ್ನು ಜುಲೈನಲ್ಲಿ ಅಲ್ಲಿನ ಪೊಲೀಸರು ಅಮೆರಿಕದ ಕೋರಿಕೆ ಮೇರೆಗೆ ಎತ್ತಿಕೊಂಡು ಹೋದರು. ಕಡತಗಳ ಪ್ರತಿಗಳು ಆಗಲೇ ಬೇರೆಡೆ ಇದ್ದವು.

ದಾಖಲೆ ಪಡೆಯುವ ಹಂತಕ್ಕೆ ಹಲವು ದೊಡ್ಡ ಸುದ್ದಿಸಂಸ್ಥೆಗಳು ‘ಸೆಕ್ಯೂರ್‌ಡ್ರಾಪ್’ ಬಳಸುತ್ತವೆ. ಇದರ ಮೂಲ ತಂತ್ರಾಂಶವನ್ನು ಆರನ್ ಸ್ವಾರ್ಟ್ಜ್ ಬರೆದಿದ್ದರು. ಕಳಿಸುವವರು ‘ಟಾರ್’ ಬ್ರೌಸರ್ ಮೂಲಕ ಬರುತ್ತಾರೆ, ಹಾಗಾಗಿ ಅವರ ಐಪಿ ವಿಳಾಸ ಸುದ್ದಿಸಂಸ್ಥೆಗೂ ಗೊತ್ತಾಗಲ್ಲ. ಬಂದ ಫೈಲನ್ನು ಇಂಟರ್ನೆಟ್‌ಗೆ ಎಂದೂ ಜೋಡಿಸದ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತಾರೆ. ಮೂಲ ಯಾರೆಂದು ಗೊತ್ತೇ ಇಲ್ಲದಿದ್ದರೆ, ಯಾರು ಕೇಳಿದರೂ ಹೇಳಲು ಏನೂ ಇರಲ್ಲ ಅನ್ನೋದು ಇದರ ಹಿಂದಿನ ಲೆಕ್ಕ.

ಭಾರತದ ಕಾನೂನು ಏನು ಹೇಳುತ್ತೆ?

ಅಧಿಕೃತ ರಹಸ್ಯ ಕಾಯ್ದೆ, 1923: ಬ್ರಿಟಿಷರ ಕಾಲದ ಈ ಕಾನೂನು ಇನ್ನೂ ಜೀವಂತ. ಇದರ 5ನೇ ಸೆಕ್ಷನ್ ಕೊಟ್ಟವರಿಗಷ್ಟೇ ಅಲ್ಲ, ಗೊತ್ತಿದ್ದೂ ಪಡೆದವರಿಗೂ ಅನ್ವಯ. 3 ವರ್ಷದವರೆಗೆ ಜೈಲು. ರಕ್ಷಣೆಗೆ ಸಂಬಂಧಿಸಿದ ಬೇಹುಗಾರಿಕೆಯಾದರೆ 14 ವರ್ಷದವರೆಗೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000: ಅನುಮತಿ ಇಲ್ಲದೆ ಕಂಪ್ಯೂಟರ್‌ನಿಂದ ಮಾಹಿತಿ ನಕಲು ಮಾಡಿದರೆ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ. 69ಎ ಸೆಕ್ಷನ್ ಅಡಿ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಕ್ಕೆ ಕೇಂದ್ರ ಸರ್ಕಾರ ಪುಟವನ್ನು ಬ್ಲಾಕ್ ಮಾಡಿಸಬಹುದು.

ಸರ್ವರ್ ಲೆಕ್ಕ: 2022ರ ಏಪ್ರಿಲ್‌ನ ಸರ್ಟ್-ಇನ್ ನಿರ್ದೇಶನದ ಪ್ರಕಾರ ಡೇಟಾ ಸೆಂಟರ್, ಕ್ಲೌಡ್, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್‌ ಮುಂತಾದವನ್ನು 5 ವರ್ಷ ಇಟ್ಟುಕೊಳ್ಳಬೇಕು. ಹೀಗಾಗಿ ‘ಹೆಸರಿಲ್ಲದೆ ಸೈಟ್ ನಡೆಸ್ತೀವಿ’ ಅನ್ನುವ ಧೈರ್ಯಕ್ಕೆ ಆಧಾರ ಕಡಿಮೆ.

ವೈಯಕ್ತಿಕ ವಿವರ: ಯಾರದ್ದೇ ಆಧಾರ್ ಸಂಖ್ಯೆ ಬಹಿರಂಗವಾಗಿ ಪ್ರಕಟಿಸುವಂತಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಪೋಕ್ಸೊ ಪ್ರಕರಣದ ಮಕ್ಕಳ ಗುರುತು ಬಯಲು ಮಾಡೋದು ಅಪರಾಧ. ದಾಖಲೆ ಸುಳ್ಳಾಗಿದ್ದರೆ ಮಾನಹಾನಿ ಕೇಸ್ ಬೇರೆ.

ಪ್ರಕಟಣೆಯ ಪರವಾಗಿ ನಿಂತ ದೊಡ್ಡ ತೀರ್ಪು ರಫೇಲ್ ಪ್ರಕರಣದ್ದು. ‘ದಿ ಹಿಂದೂ’ ಪ್ರಕಟಿಸಿದ ರಕ್ಷಣಾ ಇಲಾಖೆ ದಾಖಲೆಗಳನ್ನು ಕೋರ್ಟ್ ನೋಡಲೇಬಾರದು ಎಂದು ಕೇಂದ್ರ ಸರ್ಕಾರ ವಾದಿಸಿತ್ತು. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಈ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ದಾಖಲೆ ವಿಷಯಕ್ಕೆ ಸಂಬಂಧಿಸಿದ್ದಾದರೆ, ಅದು ಬಂದ ದಾರಿಯ ನೆಪದಲ್ಲಿ ಪಕ್ಕಕ್ಕಿಡಬೇಕಿಲ್ಲ ಅನ್ನೋದು ಸಾರ. ಅದೇ ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿಗಳು ವಜಾಗೊಂಡವು ಅನ್ನೋದನ್ನೂ ಮರೆಯಬಾರದು. ಅಂದರೆ, ದಾಖಲೆಯನ್ನು ಕೋರ್ಟ್ ಓದಬಹುದು. ಓದಿದ ಮಾತ್ರಕ್ಕೆ ಪ್ರಕರಣ ಗೆದ್ದಂತಲ್ಲ.

ಕೊಟ್ಟವರಿಗೆ ರಕ್ಷಣೆ ಇದೆಯೇ?

ಕಾಗದದ ಮೇಲೆ ಇದೆ. ಹೆದ್ದಾರಿ ಯೋಜನೆಯ ಎಂಜಿನಿಯರ್ ಸತ್ಯೇಂದ್ರ ದುಬೆ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರು ಗುಟ್ಟಾಗಿಡಲು ಕೋರಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಓಡಾಡಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಇದು ದರೋಡೆಗಾಗಿ ನಡೆದ ಕೊಲೆ ಅಂತ ಸಿಬಿಐ ಹೇಳಿದರೂ, ಹೆಸರು ಬಯಲು ಮಾಡಿದ ವ್ಯವಸ್ಥೆಯ ಮೇಲಿನ ಸಿಟ್ಟು ತಣಿಯಲಿಲ್ಲ.

ಅದರ ಫಲವೇ 2004ರ ಕೇಂದ್ರದ ನಿರ್ಣಯ. ಕೇಂದ್ರ ಸರ್ಕಾರದ ಇಲಾಖೆ, ಉದ್ಯಮಗಳ ಭ್ರಷ್ಟಾಚಾರದ ಬಗ್ಗೆ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕಳಿಸಬಹುದು. ಲಕೋಟೆ ಮೇಲೆ ಇದು ಸಾರ್ವಜನಿಕ ಹಿತಾಸಕ್ತಿ ಬಹಿರಂಗಪಡಿಸುವಿಕೆ (ಪಿಐಡಿಪಿಐ) ದೂರು ಅಂತ ಬರೆದಿರಬೇಕು, ಕಳಿಸಿದವರ ಹೆಸರು ಇರಬಾರದು. ಹೆಸರು, ವಿಳಾಸ ಒಳಗಿನ ಪತ್ರದಲ್ಲಿರಬೇಕು. ಆಯೋಗ ಅದನ್ನು ಗುಟ್ಟಾಗಿಡುತ್ತೆ. ರಾಜ್ಯ ಸರ್ಕಾರದ ನೌಕರರ ವಿಷಯ ಇದರ ವ್ಯಾಪ್ತಿಗೆ ಬರಲ್ಲ. ಲೋಕಾಯುಕ್ತಕ್ಕೆ ಕೊಡುವ ದೂರಿಗೆ ಅಫಿಡವಿಟ್ ಬೇಕು. ಸಂಸತ್ತು 2014ರಲ್ಲಿ ಒಪ್ಪಿದ ಮಾಹಿತಿದಾರರ ರಕ್ಷಣಾ ಕಾಯ್ದೆ ಜಾರಿಗೆ ಬಾರದೆ ಹಾಗೇ ಕೂತಿದೆ. ಸುದ್ದಿಮೂಲವನ್ನು ರಕ್ಷಿಸುವ ಪ್ರತ್ಯೇಕ ಕಾನೂನು ಪತ್ರಕರ್ತರಿಗೂ ಇಲ್ಲ.

ದಾಖಲೆ ಕೈಗೆ ಬಂದರೆ ಮಾಡಬೇಕಾದ್ದು

1. ಮೊದಲು ಮೂಲದ ಬಗ್ಗೆ ಯೋಚಿಸಿ. ಈ ಕಾಗದ ಎಷ್ಟು ಜನರ ಕೈಯಲ್ಲಿತ್ತು? ಇಬ್ಬರೇ ಆಗಿದ್ದರೆ, ಎಷ್ಟೇ ಅಳಿಸಿ ಹಾಕಿದರೂ ಯಾರೆಂದು ಗೊತ್ತಾಗುತ್ತೆ. ಆಗ ದಾಖಲೆ ಹಾಕದೆ, ಅದರ ಸಾರವನ್ನು ಬೇರೆ ಆಧಾರಗಳಿಂದ ಖಚಿತಪಡಿಸಿಕೊಂಡು ಬರೆಯೋದೇ ಸರಿ.

2. ಅಸಲಿಯೇ ನೋಡಿ. ರವಾನೆ ಸಂಖ್ಯೆ, ದಿನಾಂಕ, ಸಹಿ ಮಾಡಿದ ಅಧಿಕಾರಿ ಅಂದು ಆ ಹುದ್ದೆಯಲ್ಲಿದ್ದರೇ ಅನ್ನೋದನ್ನು ತಾಳೆ ಹಾಕಿ. ಇಲಾಖೆಯ ಪ್ರತಿಕ್ರಿಯೆ ಕೇಳುವಾಗ ಪ್ರತಿಯನ್ನು ಕಳಿಸಬೇಡಿ, ಅದರಲ್ಲಿರುವ ವಿಷಯ ಮಾತ್ರ ಹೇಳಿ ಕೇಳಿ.

3. ಆರ್‌ಟಿಐ ದಾರಿ ಹುಡುಕಿ. ಕಡತ ಸಂಖ್ಯೆ ಮತ್ತು ವಿಷಯ ಗೊತ್ತಾದರೆ ಅರ್ಧ ಕೆಲಸ ಆದಂತೆ. 10 ರೂ. ಶುಲ್ಕದ ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಕಾಯ್ದೆಯ 8(2) ಸೆಕ್ಷನ್ ಪ್ರಕಾರ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಅಧಿಕೃತ ರಹಸ್ಯ ಕಾಯ್ದೆಯ ನೆಪವೂ ಅಡ್ಡಿಯಲ್ಲ. ದೃಢೀಕೃತ ನಕಲು ಸಿಕ್ಕರೆ ಅದನ್ನೇ ಹಾಕಬಹುದು, ಮೂಲದ ಮೇಲಿನ ಅನುಮಾನವೂ ತಗ್ಗುತ್ತೆ. ಆದರೆ ಒಂದೇ ಕಡತ ಸಂಖ್ಯೆಯನ್ನು ನೇರವಾಗಿ ಕೇಳಿದರೆ ಕಚೇರಿ ಎಚ್ಚೆತ್ತುಕೊಳ್ಳುತ್ತೆ. ಆ ಅವಧಿಯ ಎಲ್ಲ ಟೆಂಡರ್, ಎಲ್ಲ ಬಿಲ್ ಅಂತ ಸ್ವಲ್ಪ ಅಗಲವಾಗಿ ಕೇಳೋದು ಜಾಣತನ.

4. ಫೋಟೊ ಹಾಕಬೇಡಿ. ಮುಖ್ಯ ಭಾಗವನ್ನು ಹೊಸದಾಗಿ ಟೈಪ್ ಮಾಡಿ ಹಾಕಿದರೆ ಮಡಿಕೆ, ಚುಕ್ಕೆ, ಮೆಟಾಡೇಟಾ ಯಾವ ಕಾಟವೂ ಇಲ್ಲ. ಕಡತ ಎಲ್ಲಿಯವರೆಗೆ ಹೋಗಿತ್ತು ಅಂತ ತೋರಿಸುವ ಷರಾ, ದಿನಾಂಕ ಅದರಲ್ಲೂ ಬೇಡ.

5. ಸಂಬಂಧವಿಲ್ಲದವರನ್ನು ಬಿಡಿ. ಫಲಾನುಭವಿ ಪಟ್ಟಿಯಲ್ಲಿ ಅಕ್ರಮ ಇದೆ ಅಂತ ತೋರಿಸಲು ನೂರು ಜನರ ಆಧಾರ್, ಬ್ಯಾಂಕ್ ಖಾತೆ, ಕಾಯಿಲೆ ವಿವರ ಹಾಕಬೇಕಿಲ್ಲ.

6. ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬೇಡವೇ ಬೇಡ. ಸಂದೇಶ ಗೂಢಲಿಪಿಯಲ್ಲಿ ಹೋಗುತ್ತೆ ನಿಜ. ಆದರೆ ಪಡೆದವರ ಮೊಬೈಲ್‌ನಲ್ಲಿ ಕಳಿಸಿದವರ ನಂಬರ್ ಸಮೇತ ಕೂತಿರುತ್ತೆ.

7. ಹಾಕುವ ಮೊದಲು ವಕೀಲರಿಗೆ ತೋರಿಸಿ. ನೋಟಿಸ್ ಬಂದ ಮೇಲೆ ಹೋಗುವುದಕ್ಕಿಂತ ಇದು ಅಗ್ಗ.

ಇಷ್ಟೂ ಮಾಡಿದ ಮೇಲೆ ಅಪ್‌ಲೋಡ್‌ಗೆ ಉಳಿಯೋದು ಬಹುಶಃ ಒಂದೂವರೆ ಪುಟ. ಅಷ್ಟರಿಂದಲೇ ಅಕ್ರಮ ರುಜುವಾಗುತ್ತದೆ ಅಂದರೆ ಸಾಕು. ಮಿಕ್ಕ ಪುಟಗಳಿಂದ ಓದುಗರಿಗೆ ಹೊಸದೇನೂ ಗೊತ್ತಾಗಲ್ಲ. ಗೊತ್ತಾಗೋದು ಕಾಗದ ಕೊಟ್ಟವರು ಯಾರು ಅಂತ ಹುಡುಕುತ್ತಾ ಕೂತವರಿಗೆ ಮಾತ್ರ.